ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರಿಗೆ



ತೋಟದ ಮನೆಯ ಜಗಲಿಯಲ್ಲಿ, ಬೆಳಗಿನ ವಾಕಿಂಗ್ ಮುಗಿಸಿ ಕೂತ ಪಾರ್ಕಿನ ಕಲ್ಲುಬೆಂಚಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ನೆಂಟರಿಷ್ಟರ ವಾಟ್ಸಾಪ್ ಗುಂಪಿನಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಒಂದೇ ಮಾತು ಸುತ್ತುತ್ತಿದೆ: "ಸರ್ಕಾರ ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಹಾಳು ಮಾಡಿತು. ಈಗ ಕೂಲಿಗೆ ಕರೆದರೆ ಒಬ್ಬರೂ ಬರುವುದಿಲ್ಲ." 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಹುಟ್ಟಿಕೊಂಡ ಮಾತಿದು. 2023ರಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ, ಉಚಿತ ವಿದ್ಯುತ್ತಿನ ಗೃಹಜ್ಯೋತಿ, ಮನೆಯೊಡತಿಗೆ ತಿಂಗಳ ಹಣದ ಗೃಹಲಕ್ಷ್ಮಿ ಒಂದರ ಹಿಂದೆ ಒಂದು ಬಂದ ಮೇಲೆ ಅದರ ದನಿ ಇನ್ನೂ ಏರಿದೆ. ಈ ಪತ್ರ ಆ ಮಾತನ್ನು ಆಡುವ ನಿಮಗೆ.

ನೀವು ಕಟುಕರಲ್ಲ. ಮನೆಗೆಲಸದಾಕೆಯ ಮಗಳ ಕಾಲೇಜು ಫೀಸು ಕಟ್ಟಿದವರು ನಿಮ್ಮಲ್ಲಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಕಾರಿನ ಡಿಕ್ಕಿ ತುಂಬ ರೇಷನ್ ಕಿಟ್ ಹೊತ್ತು ಹಂಚಿದವರಿದ್ದಾರೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಯಾರಿಗೋ ಹಾವು ಕಚ್ಚಿದರೆ ನಡುರಾತ್ರಿ ಜೀಪು ತೆಗೆದು ತಾಲ್ಲೂಕು ಆಸ್ಪತ್ರೆಗೆ ಓಡಿದವರಿದ್ದಾರೆ. ಅದಕ್ಕಾಗಿಯೇ ಈ ಪತ್ರ ಬರೆಯಬೇಕೆನಿಸಿತು. ಹೆಸರು ಗೊತ್ತಿರುವ ಒಬ್ಬ ಬಡವಳ ಮೇಲೆ ಇಷ್ಟು ಅಂತಃಕರಣ ಇರುವವರು, ಹೆಸರು ಗೊತ್ತಿಲ್ಲದ ಲಕ್ಷಾಂತರ ಬಡವರ ಮಾತು ಬಂದಾಗ ಅಷ್ಟೊಂದು ಗಡುಸಾಗುವುದು ಏಕೆ?

ಮೊದಲು ಲೆಕ್ಕ ನೋಡೋಣ. 2023ರ ಜುಲೈನಲ್ಲಿ ತಲೆಗೆ ಐದು ಕಿಲೋದ ಮೇಲೆ ಕೊಡಬೇಕಿದ್ದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ದಾಸ್ತಾನು ಸಿಗದೆ ರಾಜ್ಯ ಸರ್ಕಾರ ಅದರ ಬದಲು ಹಣ ಕೊಟ್ಟಿತು. ಕಿಲೋಗೆ 34 ರೂಪಾಯಿಯಂತೆ ತಲೆಗೆ ತಿಂಗಳಿಗೆ 170 ರೂಪಾಯಿ. ಅದೇ ದರ ಹಿಡಿದರೆ, ತಲೆಗೆ ಹತ್ತು ಕಿಲೋದಂತೆ ನಾಲ್ವರ ಮನೆಗೆ ಆಗ ಸಲ್ಲಬೇಕಿದ್ದ 40 ಕಿಲೋ ಅಕ್ಕಿಯ ಬೆಲೆ 1,360 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 316 ರೂಪಾಯಿ ಇತ್ತು. ಇಡೀ ಮನೆಯ ಇಡೀ ತಿಂಗಳ ಅಕ್ಕಿ ಒಬ್ಬ ಆಳಿನ ನಾಲ್ಕು ದಿನದ ಕೂಲಿಗಿಂತ ತುಸು ಹೆಚ್ಚು, ಅಷ್ಟೇ. ಅದಕ್ಕೆ ಗೃಹಲಕ್ಷ್ಮಿಯ 2,000 ರೂಪಾಯಿ ಸೇರಿಸಿ. ಒಟ್ಟು 3,360. ನಾಲ್ವರಿಗೆ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 28 ರೂಪಾಯಿ. ಆ ದುಡ್ಡಿಗೆ ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆಯೂ ಬರುವುದಿಲ್ಲ.

ಮನೆ ಬಾಡಿಗೆ, ಬೇಳೆ, ಎಣ್ಣೆ, ಗ್ಯಾಸು, ಮಕ್ಕಳ ನೋಟ್‌ಬುಕ್ಕು, ಅತ್ತೆಯ ಬಿಪಿ ಮಾತ್ರೆ, ಸಂಘದ ಸಾಲದ ವಾರದ ಕಂತು, ಊರ ಹಬ್ಬ, ಸಾವು, ಮದುವೆ ಎಲ್ಲಕ್ಕೂ ಇದರಲ್ಲೇ ಹೊಂದಿಸಬೇಕು. ಇಷ್ಟನ್ನು ನಂಬಿ ಕಾಲು ಚಾಚಿ ಮಲಗಿದ ಮನೆ ಯಾವ ಊರಿನಲ್ಲಿದೆ?

ಹಾಗಾದರೆ ಕೂಲಿಯವರು ಎಲ್ಲಿಗೆ ಹೋದರು ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅಡಿಕೆ ಕೊಯ್ಲಿಗೆ ಕೊನೆಗಾರ ಸಿಗದೆ, ಕಾಫಿ ಹಣ್ಣು ಗಿಡದಲ್ಲೇ ಒಣಗಿ ಉದುರುವುದನ್ನು ನೋಡುತ್ತ ನಿಂತ ಸಣ್ಣ ಬೆಳೆಗಾರನ ಸಂಕಟ ಸುಳ್ಳಲ್ಲ. ಎರಡು ಎಕರೆಯವನಿಗೆ ಗೊಬ್ಬರದ ದರವೂ ಕೈಯಲ್ಲಿಲ್ಲ, ಬೆಳೆಯ ದರವೂ ಕೈಯಲ್ಲಿಲ್ಲ. ಕೈಗೆ ಎಟುಕುವಂತೆ ಕಾಣುವುದು ಕೂಲಿಯ ದರ ಒಂದೇ. ಅದೂ ತಪ್ಪಿಹೋದಾಗ ಸಿಟ್ಟು ಎದುರಿಗಿದ್ದವರ ಮೇಲೆ ತಿರುಗುತ್ತದೆ.

ಆದರೆ ಆ ಕೂಲಿಯವರ ಮನೆಗಳಲ್ಲಿ ಏನಾಗಿದೆ ಎಂದು ನೋಡಿ. ಮಗ ಐಟಿಐ ಮುಗಿಸಿ ಪೇಟೆಯ ಗ್ಯಾರೇಜು ಸೇರಿದ್ದಾನೆ. ಮಗಳು ಗಾರ್ಮೆಂಟ್ ಕಾರ್ಖಾನೆಯ ಬಸ್ಸು ಹತ್ತುತ್ತಾಳೆ. ತಂದೆ ಗಾರೆ ಕೆಲಸಕ್ಕೆ ಹೋಗುತ್ತಾನೆ, ಅಲ್ಲಿ ಕೂಲಿ ಹೆಚ್ಚು. ತಾಯಿ ಮಾತ್ರ ಊರಲ್ಲಿ ಉಳಿದಿದ್ದಾಳೆ, ಮಂಡಿ ಸವೆದಿದೆ. ಅವರು ಬಿಟ್ಟ ಜಾಗಕ್ಕೆ ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ಜನ ಬರುತ್ತಿದ್ದಾರೆ. 2023ರ ಜನವರಿಯಿಂದ ಆಹಾರ ಭದ್ರತಾ ಕಾಯ್ದೆಯಡಿ ದೇಶದ ಸುಮಾರು 80 ಕೋಟಿ ಜನರಿಗೆ ತಲೆಗೆ ಐದು ಕಿಲೋ ಧಾನ್ಯ ಪೂರ್ತಿ ಉಚಿತ. ಅಸ್ಸಾಮಿನ ಆ ಕೂಲಿಯ ಮನೆಯಲ್ಲೂ ಉಚಿತ ಅಕ್ಕಿ ಇದೆ. ಅದನ್ನು ಬಿಟ್ಟು ಮೂರು ದಿನ ರೈಲಿನಲ್ಲಿ ಕೂತು, ಭಾಷೆ ಬಾರದ ಕಾಡಿನಂಚಿಗೆ ಅವನು ದುಡಿಯಲು ಬಂದಿದ್ದಾನೆ. ಅಕ್ಕಿ ಜನರನ್ನು ಸೋಮಾರಿಗಳಾಗಿಸುತ್ತದೆ ಎಂಬ ವಾದಕ್ಕೆ ನಿಮ್ಮ ತೋಟದ ಲೈನ್ ಮನೆಯಲ್ಲೇ ಉತ್ತರವಿದೆ.

ಉತ್ತರ ಕರ್ನಾಟಕದವರಿಗೆ ಗುಳೆಯ ವಿಷಯ ವಿವರಿಸಬೇಕಾಗಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಲ್ಲಿ ತೊಗರಿ ಕಟಾವು ಮುಗಿದ ಮೇಲೆ ಓಣಿಗೆ ಓಣಿಯೇ ಬೀಗ ಹಾಕಿಕೊಳ್ಳುತ್ತದೆ. ಮುದುಕರು, ಎಮ್ಮೆ, ಶಾಲೆ ಬಿಡಲಾಗದ ಒಂದೆರಡು ಮಕ್ಕಳು ಉಳಿಯುತ್ತಾರೆ. ಉಳಿದವರೆಲ್ಲ ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ, ಗೋವೆಯಲ್ಲಿ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ. ರೇಷನ್ ಕಾರ್ಡು ಊರಲ್ಲಿದೆ, ಜನ ಊರಲ್ಲಿಲ್ಲ.

ನಿಮ್ಮ ದೂರಿನಲ್ಲಿ ನಿಜವಾದ ಒಂದು ಭಾಗವಿದೆ, ಅದನ್ನು ಒಪ್ಪಬೇಕು. ಕೂಲಿಯವರು ಈಗ ಕರೆದ ಹೊತ್ತಿಗೆ, ಹೇಳಿದ ದರಕ್ಕೆ ಬರುವುದಿಲ್ಲ. ನಾಳೆಗೆ ಮನೆಯಲ್ಲಿ ಅಕ್ಕಿ ಇದೆ ಎಂಬ ಧೈರ್ಯ ಇದ್ದಾಗ ಮನುಷ್ಯ "ಇಷ್ಟಕ್ಕೆ ಆಗುವುದಿಲ್ಲ ಗೌಡ್ರೇ" ಎನ್ನಬಲ್ಲ. ಹಿಂದೆ ಹಾಗೆ ಅನ್ನಲಾಗುತ್ತಿರಲಿಲ್ಲ. ಜೀತ ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 1976ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಕಡೆ ಅದರ ನಂತರವೂ, ಜೀತ ನಿಂತಿದ್ದು ಒಡೆಯನ ಕಣಜದ ಬಲದ ಮೇಲೆ. ಮಳೆಗಾಲದಲ್ಲಿ ಒಲೆ ಆರಿದವನು ಎರಡು ಪಲ್ಲ ರಾಗಿಗೆ ಮಗನನ್ನು ದನ ಕಾಯಲು ಬಿಡುತ್ತಿದ್ದ. ಆ ಎರಡು ಪಲ್ಲ ರಾಗಿಯ ಜಾಗದಲ್ಲಿ ಈಗ ನ್ಯಾಯಬೆಲೆ ಅಂಗಡಿ ಇದೆ. ಹಳ್ಳಿಯ ದೊಡ್ಡ ಜಮೀನುದಾರರಿಗೆ ಕಳೆದುಹೋದದ್ದು ಕೂಲಿಯಾಳಿನ ದುಡಿಯುವ ಮನಸ್ಸಲ್ಲ, ಅವನ ಹಸಿವಿನ ಮೇಲೆ ತಮಗಿದ್ದ ಹಿಡಿತ.

ನಗರದವರು 2020ರ ಮೇ ತಿಂಗಳ ಮೊದಲ ವಾರವನ್ನು ನೆನಪಿಸಿಕೊಳ್ಳಬೇಕು. ಕೆಲಸವಿಲ್ಲದೆ, ಕೂಲಿಯಿಲ್ಲದೆ ಬೆಂಗಳೂರಿನ ಶೆಡ್ಡುಗಳಲ್ಲಿ ಸಿಕ್ಕಿಕೊಂಡಿದ್ದ ವಲಸೆ ಕಾರ್ಮಿಕರು ಬಿಹಾರಕ್ಕೆ, ಜಾರ್ಖಂಡಿಗೆ, ಉತ್ತರ ಪ್ರದೇಶಕ್ಕೆ ಹೊರಟು ನಿಂತಿದ್ದರು. ಮೇ 5ರಂದು ಮುಖ್ಯಮಂತ್ರಿ ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ, ಅವರಿಗಾಗಿ ಗೊತ್ತಾಗಿದ್ದ ವಿಶೇಷ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ತಿಳಿಸಿತು. ಕೆಲಸ ಮತ್ತೆ ಶುರುವಾಗಬೇಕು, ಆಳುಗಳು ಹೋಗಿಬಿಟ್ಟರೆ ಕಟ್ಟಡಗಳು ನಿಲ್ಲುತ್ತವೆ ಎಂಬುದು ಕಾರಣ. ದೇಶದೆಲ್ಲೆಡೆಯಿಂದ ಆಕ್ಷೇಪ ಬಂದು ಎರಡು ಮೂರು ದಿನಗಳಲ್ಲಿ ಆ ನಿರ್ಧಾರ ಬದಲಾಯಿತು. ಆದರೆ ಆ ಎರಡು ಮೂರು ದಿನ ಒಂದು ಸತ್ಯವನ್ನು ಬಯಲಿಗಿಟ್ಟವು. ಈ ನಗರ ಯಾರ ದುಡಿಮೆಯಿಲ್ಲದೆ ಒಂದು ಅಂತಸ್ತೂ ಏಳಲಾರದೋ, ಅವರಿಗೆ ಊರಿಗೆ ಹೋಗುವ ರೈಲನ್ನೂ ತಡೆಯಬಹುದೆಂದು ಅದು ಎಣಿಸಿತ್ತು. ಸೋಮಾರಿಗಳನ್ನು ಹಿಡಿದಿಟ್ಟುಕೊಳ್ಳಲು ಯಾರೂ ರೈಲು ನಿಲ್ಲಿಸುವುದಿಲ್ಲ.

ಈ ದೂರು ಅನ್ನಭಾಗ್ಯಕ್ಕಿಂತ ಬಹಳ ಹಳೆಯದು. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಕ್ಷಾಮವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಪರಿಹಾರದ ಖರ್ಚು ಹಿಡಿತಕ್ಕೆ ತರಲೆಂದು ಮದ್ರಾಸ್ ಪ್ರಾಂತಕ್ಕೆ ಕಳಿಸಿದ. ಬಳ್ಳಾರಿ ಆಗ ಆ ಪ್ರಾಂತದ ಜಿಲ್ಲೆ, ಕ್ಷಾಮದ ಪೆಟ್ಟು ಕೆಟ್ಟದಾಗಿ ತಿಂದ ಜಿಲ್ಲೆ. ಇದೇ ಟೆಂಪಲ್ 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಬರ್ಮಾದಿಂದ ಅಕ್ಕಿ ತರಿಸಿ ಬಹಳ ಕಡಿಮೆ ಸಾವುಗಳಲ್ಲಿ ಜನರನ್ನು ದಾಟಿಸಿದ್ದ. ಅದಕ್ಕೆ ಅವನಿಗೆ ಸಿಕ್ಕಿದ್ದು ದುಂದುಗಾರ ಎಂಬ ನಿಂದೆ. ಈ ಸಲ ಅವನು ಪಾಠ ಕಲಿತು ಬಂದಿದ್ದ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಕೈಗೊಂದಿಷ್ಟು ಚಿಲ್ಲರೆ ಎಂದು ಕೂಲಿ ಇಳಿಸಿದ. ಮನೆಯ ಹತ್ತಿರ ಕೆಲಸ ಕೊಟ್ಟರೆ ಕಷ್ಟವಿಲ್ಲದವರೂ ಬಂದಾರೆಂದು ಕೆಲಸದ ಜಾಗಗಳನ್ನು ದೂರ ದೂರ ಇಡಲಾಯಿತು. ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಬದುಕುವುದಿಲ್ಲ ಎಂದು ವಾದಿಸಿದ. ನೆರೆಯ ಮುಂಬಯಿ ಪ್ರಾಂತದಲ್ಲಿ ಕೂಲಿ ಇಳಿಸಿದಾಗ ಸಾವಿರಾರು ಜನ ಕೆಲಸದ ಜಾಗ ಬಿಟ್ಟು ಎದ್ದುಹೋದರು. ಪುಣೆಯ ಸಾರ್ವಜನಿಕ ಸಭಾ ಅವರ ಪರ ಸರ್ಕಾರಕ್ಕೆ ಬರೆಯಿತು. ಸುಲಭವಾಗಿ ಕೊಟ್ಟರೆ ಜನರ ನಡತೆ ಕೆಡುತ್ತದೆ, ಬೇಡದವರೂ ಕೈ ಚಾಚುತ್ತಾರೆ ಎಂಬ ನಂಬಿಕೆ ಅಧಿಕಾರಿಗಳಲ್ಲಿ ಗಟ್ಟಿಯಾಗಿತ್ತು. ಅದೇ ಅವಧಿಯಲ್ಲಿ ಭಾರತದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತುತ್ತಿತ್ತು.

ಮೈಸೂರು ಸಂಸ್ಥಾನವೂ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಅದರ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಸುಮಾರು 42 ಲಕ್ಷ. ಬೆಂಗಳೂರಿನಿಂದ ಮೈಸೂರಿಗೆ ಇಂದು ನೀವು ಹೋಗುವ ರೈಲು ಹಾದಿಯ ಕೆಲಸ ಆರಂಭವಾದದ್ದು ಆ ಬರಗಾಲದ ಪರಿಹಾರ ಕಾಮಗಾರಿಯಾಗಿ. ಅರೆಹೊಟ್ಟೆಯ ಜನ ಹೊತ್ತ ಮಣ್ಣು ಆ ಹಾದಿಯ ಅಡಿಯಲ್ಲಿದೆ.

ಸುಲಭವಾಗಿ ಕೊಟ್ಟರೆ ಜನ ಕೆಡುತ್ತಾರೆ ಎಂಬುದು ಟೆಂಪಲ್ ಕಾಲದಲ್ಲಿ ಬರಿಯ ನಂಬಿಕೆ. ಈಗ ಅದನ್ನು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಇಂಡೋನೇಷ್ಯಾ, ಮೊರಾಕ್ಕೊ, ಫಿಲಿಪ್ಪೀನ್ಸ್, ಹೊಂಡುರಾಸ್, ನಿಕರಾಗುವಾ ದೇಶಗಳ ಏಳು ನಗದು ಯೋಜನೆಗಳ ಅಂಕಿಅಂಶಗಳನ್ನು ಒಟ್ಟಿಗೆ ಕೂಡಿಸಿ ನೋಡಿದರು. ಹಣ ಪಡೆದವರು ದುಡಿಯುವುದನ್ನು ಕಡಿಮೆ ಮಾಡಿದರು ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ನಮ್ಮದೇ ದೇಶದ ಮಧ್ಯಪ್ರದೇಶದ ಹಳ್ಳಿಗಳಲ್ಲಿ 2011-12ರಲ್ಲಿ ಸೇವಾ (SEWA) ಎಂಬ ದುಡಿಯುವ ಹೆಂಗಸರ ಸಂಘಟನೆ ಪ್ರತಿಯೊಬ್ಬರಿಗೂ ತಿಂಗಳಿಗೆ ಒಂದಿಷ್ಟು ಹಣವನ್ನು ಷರತ್ತಿಲ್ಲದೆ ಕೊಟ್ಟು ನೋಡಿತು. ದೊಡ್ಡವರಿಗೆ 200, ಆಮೇಲೆ 300 ರೂಪಾಯಿ. ಆ ಹಳ್ಳಿಗಳಲ್ಲಿ ಜನ ಸ್ವಂತ ಹೊಲದ, ಸ್ವಂತ ಕಸುಬಿನ ದುಡಿಮೆಯನ್ನು ಹೆಚ್ಚಿಸಿಕೊಂಡರು. ಕೈಯಲ್ಲಿ ಸ್ವಲ್ಪ ದುಡ್ಡಿದ್ದುದರಿಂದ ಬೀಜ ಕೊಳ್ಳಲು ಸಾಧ್ಯವಾಯಿತು, ಹೊಲಿಗೆ ಯಂತ್ರ ಕೊಳ್ಳಲು ಸಾಧ್ಯವಾಯಿತು.

"ಕೊಟ್ಟ ದುಡ್ಡನ್ನು ಕುಡಿದು ಹಾಳು ಮಾಡುತ್ತಾರೆ" ಎಂಬ ಮಾತಿಗೂ ಉತ್ತರಿಸಬೇಕು. ಕುಡಿತ ಬಡವರ ಮನೆಗಳನ್ನು ಸುಡುತ್ತಿದೆ ಎಂಬುದು ಪೂರ್ತಿ ನಿಜ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆ ಮನೆಗಳ ಹೆಂಗಸರು ಏನು ಮಾಡಿದರು ಎಂಬುದೂ ನಿಮಗೆ ಗೊತ್ತಿರಲಿ. 2019ರ ಜನವರಿಯಲ್ಲಿ, ಚಳಿಯಲ್ಲಿ, ರಾಜ್ಯದ ಬೇರೆ ಬೇರೆ ಜಿಲ್ಲೆಗಳ ಎರಡು ಸಾವಿರಕ್ಕೂ ಹೆಚ್ಚು ಬಡ ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ಸುಮಾರು 200 ಕಿಲೋಮೀಟರ್, ಕೂಲಿ ಬಿಟ್ಟು ನಡೆದು ಬಂದರು. ಹಲವರ ಕಾಲಲ್ಲಿ ಹವಾಯಿ ಚಪ್ಪಲಿ. ರಾಜ್ಯದ ಅಬಕಾರಿ ಆದಾಯ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟಿದೆ. ಆ ಹಣದ ಬಹುಭಾಗ ಯಾರ ಗಂಡಂದಿರ ಕಿಸೆಯಿಂದ ಬರುತ್ತದೆ ಎಂದು ಆ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕೇಳಿದ್ದನ್ನು ಸರ್ಕಾರ ಕೊಡಲಿಲ್ಲ. ಬಡವರು ಕುಡಿಯುತ್ತಾರೆ ಎಂದು ಬೇಸರಿಸುವ ನಮ್ಮಲ್ಲಿ ಎಷ್ಟು ಜನ ಅಂದು ತುಮಕೂರು ರಸ್ತೆಯ ಬದಿಯಲ್ಲಿ ಒಂದು ಬಾಟಲಿ ನೀರು ಹಿಡಿದು ನಿಂತಿದ್ದೆವು?

ಬಡವರಿಗೆ ದುಡ್ಡು ಹಿಡಿಯುವ ಬುದ್ಧಿ ಇಲ್ಲ ಎಂಬುದು ಇದೇ ಬಳಗದ ಇನ್ನೊಂದು ಮಾತು. ಭವಿಷ್ಯ ನಿಧಿಯ (ಪಿಎಫ್) ಹಣವನ್ನು 58 ವರ್ಷ ತುಂಬುವ ತನಕ ಪೂರ್ತಿ ತೆಗೆಯಲಾಗದಂತೆ ಕೇಂದ್ರ ಸರ್ಕಾರ ನಿಯಮ ತಂದುದನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದವರು ಬೆಂಗಳೂರಿನ ಗಾರ್ಮೆಂಟ್ ಕೆಲಸದ ಹೆಣ್ಣುಮಕ್ಕಳು. ತಮ್ಮ ಪಿಎಫ್ ಯಾವಾಗ ಬೇಕಾಗುತ್ತದೆ, ಯಾವುದಕ್ಕೆ ಬೇಕಾಗುತ್ತದೆ ಎಂದು ಅವರಿಗೆ ಪೈಸೆ ಪೈಸೆಯ ಲೆಕ್ಕವಿತ್ತು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅದರ ಲಾಭ ಐಟಿ ಕಂಪನಿಗಳ ನೌಕರರಿಗೂ ಆಯಿತು.

ಇನ್ನೊಂದು ಅಧ್ಯಯನ ಇಲ್ಲಿ ನೆನೆಯಬೇಕು. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈ ಖಾಲಿ ಇದ್ದಾಗ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಇನ್ನೊಮ್ಮೆ ಬುದ್ಧಿಶಕ್ತಿಯ ಪರೀಕ್ಷೆಗೆ ಕೂರಿಸಿದರು. 2013ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಅದೇ ಮನುಷ್ಯ, ಅದೇ ತಲೆ, ಹಣ ಬಂದ ಮೇಲೆ ಹೆಚ್ಚು ಚೆನ್ನಾಗಿ ಉತ್ತರಿಸಿದ. ಬಡತನದ ಚಿಂತೆಯೇ ತಲೆಯ ಅರ್ಧ ಜಾಗ ಹಿಡಿದು ಕೂತಿರುತ್ತದೆ. ಕಂತು ಕಟ್ಟುವ ದಿನ ನಾಳೆ, ಕೈಯಲ್ಲಿ ನೂರು ರೂಪಾಯಿ ಎಂಬ ಸ್ಥಿತಿಯಲ್ಲಿ ನಮ್ಮಲ್ಲಿ ಯಾರು ಐದು ವರ್ಷದ ಯೋಜನೆ ಹಾಕಿಯೇವು?

ಜನ ಬಡವರಾಗುವುದು ಹೇಗೆ ಎಂಬುದನ್ನೂ ಒಬ್ಬರು ಊರೂರು ಸುತ್ತಿ ಕೇಳಿದ್ದಾರೆ. ಹಿಂದೆ ಐಎಎಸ್ ಅಧಿಕಾರಿಯಾಗಿದ್ದ ಅನಿರುದ್ಧ ಕೃಷ್ಣ ರಾಜಸ್ಥಾನ, ಗುಜರಾತ್, ಆಂಧ್ರದಿಂದ ಹಿಡಿದು ಆಫ್ರಿಕಾದ ಕೀನ್ಯಾ, ಉಗಾಂಡಾದವರೆಗೆ 35 ಸಾವಿರ ಕುಟುಂಬಗಳ ಏಳುಬೀಳು ದಾಖಲಿಸಿದರು. ಸಾವಿರಾರು ಮನೆಗಳನ್ನು ಬಡತನಕ್ಕೆ ತಳ್ಳಿದ ಕಾರಣಗಳಲ್ಲಿ ಮತ್ತೆ ಮತ್ತೆ ಮುಂದೆ ಬಂದದ್ದು ಕಾಯಿಲೆ ಮತ್ತು ಅದರ ಖರ್ಚು. ಸೋಮಾರಿತನ ಆ ಪಟ್ಟಿಯ ಎಲ್ಲೋ ತಳದಲ್ಲಿ. ಇದಕ್ಕೆ ನಿಮ್ಮ ಸುತ್ತಲೇ ಉದಾಹರಣೆ ಇರುತ್ತದೆ. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ ಆಟೋ ಚಾಲಕ, ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹೋಗುವ ಹೂ ಮಾರುವವಳ ಗಂಡ. ಇಂಥವರ ಮನೆಯಾಕೆ ಆಸ್ಪತ್ರೆಗೆ ಹೋಗುವುದು ಶಕ್ತಿ ಯೋಜನೆಯ ಅದೇ ಬಸ್ಸಿನಲ್ಲಿ. ಹೆಂಗಸರೆಲ್ಲ ಧರ್ಮಸ್ಥಳ ಸುತ್ತುತ್ತಿದ್ದಾರೆ ಎಂದು ನೀವು ನಗುವ ಬಸ್ಸಿನಲ್ಲಿ. ಒಂದು ವೇಳೆ ಜೀವಮಾನದಲ್ಲಿ ಮೊದಲ ಬಾರಿ ಆಕೆ ಧರ್ಮಸ್ಥಳಕ್ಕೇ ಹೋದಳೆನ್ನಿ, ಅದರಲ್ಲಿ ತಪ್ಪೇನು?

"ನಮ್ಮ ತೆರಿಗೆ ದುಡ್ಡು" ಎಂಬ ಮಾತಿಗೆ ಬರೋಣ. ನೀವು ಕಟ್ಟುವ ಆದಾಯ ತೆರಿಗೆ ಹೋಗುವುದು ಕೇಂದ್ರಕ್ಕೆ, ಅದರಲ್ಲೊಂದು ಪಾಲು ರಾಜ್ಯಕ್ಕೆ ಮರಳುತ್ತದೆ. ರಾಜ್ಯದ ಬೊಕ್ಕಸವನ್ನು ಮುಖ್ಯವಾಗಿ ತುಂಬುವುದು ಜಿಎಸ್‌ಟಿ, ಅಬಕಾರಿ, ಇಂಧನದ ಮಾರಾಟ ತೆರಿಗೆ, ನೋಂದಣಿ ಶುಲ್ಕ. ಸೋಪು, ಟೂತ್‌ಪೇಸ್ಟು, ಬಿಸ್ಕತ್ತಿನ ಮೇಲೆ 2025ರ ಸೆಪ್ಟೆಂಬರ್‌ವರೆಗೆ ಶೇ 18 ಜಿಎಸ್‌ಟಿ ಇತ್ತು. ಸ್ಲಮ್ಮಿನ ಗೂಡಂಗಡಿಯಲ್ಲಿ ಸೋಪು ಕೊಂಡವಳೂ ನಿಮ್ಮಷ್ಟೇ ದರದಲ್ಲಿ ತೆರಿಗೆ ಕಟ್ಟಿದಳು, ನಿಮ್ಮ ಸಂಬಳದ ಹತ್ತನೇ ಒಂದು ಪಾಲಿನಲ್ಲಿ.

ಸರ್ಕಾರದ ನೆರವು ಬಡವರ ಬಾಗಿಲಿಗಷ್ಟೇ ಬರುವುದೂ ಅಲ್ಲ. ಗೃಹಜ್ಯೋತಿಗೆ ಆದಾಯದ ಮಿತಿ ಇಲ್ಲ. ತಿಂಗಳಿಗೆ 200 ಯೂನಿಟ್ ಒಳಗಿರುವ ಲಕ್ಷಾಂತರ ಮಧ್ಯಮ ವರ್ಗದ ಮನೆಗಳಿಗೂ ಸೊನ್ನೆ ಬಿಲ್ಲು ಬರುತ್ತಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, 500 ಮೀಟರಿಗೂ ಹೆಚ್ಚು ಮೇಲಕ್ಕೆ ಪಂಪಾಗಿ ಬರುತ್ತದೆ. ಅದರ ದರವನ್ನು 2014ರಿಂದ 2025ರ ಏಪ್ರಿಲ್‌ವರೆಗೆ ಏರಿಸಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆ ದರ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಖೋತಾ ಆಗುತ್ತದೆಂದು ಕೇಂದ್ರ ಸರ್ಕಾರವೇ ಅಂದಾಜು ಕೊಟ್ಟಿತ್ತು. ಇವೆಲ್ಲ ತಪ್ಪು ಎನ್ನುವುದು ಈ ಪತ್ರದ ವಾದವಲ್ಲ. ಇವುಗಳಿಂದ ನೀವು ಸೋಮಾರಿಗಳಾದಿರಿ ಎಂದು ಯಾರೂ ಹೇಳಲಿಲ್ಲ. ಆ ಮರ್ಯಾದೆ ಬಡವರಿಗೂ ಸಲ್ಲಬೇಕು.

ಅನರ್ಹರ ಕೈಯಲ್ಲೂ ಬಿಪಿಎಲ್ ಕಾರ್ಡ್ ಇದೆ, ನಿಜ. ಕಾರಿನಲ್ಲಿ ಬಂದು ಅಕ್ಕಿ ಒಯ್ಯುವವರನ್ನು ನೋಡಿದವರಿದ್ದೀರಿ. ಅವರನ್ನು ಹಿಡಿಯಲೇಬೇಕು. ಆದರೆ ಅವರನ್ನು ಹಿಡಿಯಲೆಂದು ಬೀಸಿದ ಬಲೆಗೆ ಮೊದಲು ಬೀಳುವವರು ಯಾರು? ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಹೆಬ್ಬೆಟ್ಟು ಒತ್ತಬೇಕು, ತಂಬ್ ಕೊಡಬೇಕು. ಮೂವತ್ತು ವರ್ಷ ಸಿಮೆಂಟು ಕಲಸಿದ, ಪಾತ್ರೆ ತಿಕ್ಕಿದ, ಕಲ್ಲು ಹೊತ್ತ ಬೆರಳುಗಳ ಗೆರೆಗಳು ಸವೆದಿರುತ್ತವೆ. ಯಂತ್ರ ಗುರುತು ಹಿಡಿಯುವುದಿಲ್ಲ. "ಅಜ್ಜಿ, ಕೈ ತೊಳ್ಕೊಂಡು ಬಾ", "ಸರ್ವರ್ ಇಲ್ಲ, ನಾಳೆ ಬಾ". ದುಡಿದು ದುಡಿದು ಗುರುತು ಕಳೆದುಕೊಂಡ ಬೆರಳಿನ ಒಡತಿಯನ್ನೇ ನಾವು ಸೋಮಾರಿ ಎನ್ನುತ್ತಿದ್ದೇವೆ. 2017ರ ಜುಲೈನಲ್ಲಿ ಗೋಕರ್ಣದ ಬಳಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ಎರಡು ವಾರದೊಳಗೆ ಸತ್ತರು. ಆಧಾರ್ ಜೋಡಣೆಯಾಗಿಲ್ಲವೆಂದು ಆ ಮನೆಗೆ ತಿಂಗಳುಗಟ್ಟಲೆ ರೇಷನ್ ಸಿಕ್ಕಿರಲಿಲ್ಲ, ಇದು ಹಸಿವಿನ ಸಾವು ಎಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೇಳಿತು. ಆಡಳಿತ ಒಪ್ಪಲಿಲ್ಲ.

ಅಕ್ಕಿ ಮಾರಿಕೊಳ್ಳುತ್ತಾರೆ ಎಂಬುದಕ್ಕೂ ಕಾರಣವಿದೆ. ರೊಟ್ಟಿ ತಿನ್ನುವ ನಾಡಿಗೆ, ಮುದ್ದೆ ತಿನ್ನುವ ನಾಡಿಗೆ ಬರಿಯ ಅಕ್ಕಿ ಹೋದಾಗ ಅದರಲ್ಲೊಂದು ಪಾಲು ಜೋಳವಾಗಿ, ಎಣ್ಣೆಯಾಗಿ, ಬೇಳೆಯಾಗಿ ಬದಲಾಗುತ್ತದೆ. ಗಾಡಿಗಟ್ಟಲೆ ಕೊಂಡು ಸಾಗಿಸುವ ದಂಧೆಕೋರರು ಬೇರೆ, ಐದು ಕಿಲೋ ಕೊಟ್ಟು ಒಂದು ಪ್ಯಾಕೆಟ್ ಎಣ್ಣೆ ತರುವ ತಾಯಿ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ 65ರಷ್ಟು ಮಕ್ಕಳಿಗೆ ರಕ್ತಹೀನತೆ. ಇಷ್ಟಿದ್ದೂ 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ, ಹೊಟ್ಟೆ ತುಂಬಿದವರಿಂದಲೇ ವಿರೋಧ ಬಂತು.

ಬಡವರ ಬಗೆಗಿನ ಈ ಧೋರಣೆ ಬರಿಯ ಮಾತಾಗಿ ಉಳಿಯುವುದಿಲ್ಲ, ಕಾನೂನೂ ಆಗುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಬೇಡುವುದು ಅಪರಾಧ. ನಿಮ್ಮ ಆಸ್ತಿ ತೆರಿಗೆಯಲ್ಲಿ ಶೇ 3ರಷ್ಟು ಭಿಕ್ಷುಕರ ಕರ ಎಂದು ವಸೂಲಾಗುತ್ತದೆ. 2010ರ ಆಗಸ್ಟ್‌ನಲ್ಲಿ ಬೇಡುವವರನ್ನು ಹಿಡಿದು ಇಡುವ, ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಮೊದಲಿನಿಂದ ಸತ್ತವರನ್ನು ಎಣಿಸಿದಾಗ ಲೆಕ್ಕ ಇನ್ನೂರು ದಾಟಿತ್ತು. ಅವರ ಹೆಸರಿನಲ್ಲಿ ಹಣ ವಸೂಲಾಗುತ್ತಲೇ ಇತ್ತು. ಸಿಗ್ನಲ್ಲಿನಲ್ಲಿ ಕಾಣದಂತಾದರೆ ಸಾಕು ಎಂದುಕೊಂಡ ಊರು ಅವರನ್ನು ಎಲ್ಲಿಗೆ ಒಯ್ದರು ಎಂದು ಕೇಳಿರಲಿಲ್ಲ.

ಕಾಯಕದ ತತ್ವವನ್ನು ನೀವು ಬಡವರಿಗೆ ಆಗಾಗ ನೆನಪಿಸುತ್ತೀರಿ. ಆ ತತ್ವವನ್ನು ಬಲವಾಗಿ ಹೇಳಿದ ಶರಣ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ಬದುಕಿದವನು. ಅವನ ಹೆಂಡತಿ ಲಕ್ಕಮ್ಮ, ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದದ್ದಕ್ಕೆ ಗಂಡನನ್ನೇ ತಡೆದವಳು. ಆ ಶರಣರ ಕಲ್ಯಾಣದಲ್ಲಿ ಕಾಯಕದ ಪಕ್ಕದಲ್ಲೇ ದಾಸೋಹವಿತ್ತು. ಒಂದನ್ನು ಬಡವರಿಗೆ ಬೋಧಿಸಿ ಇನ್ನೊಂದನ್ನು ಅವರಿಂದ ಕಿತ್ತುಕೊಳ್ಳುವುದು ಶರಣರ ದಾರಿಯಲ್ಲ.

ಇಷ್ಟು ಓದಿದ ಮೇಲೆ ನಿಮ್ಮಿಂದ ಕೇಳುವುದು ಕೆಲವೇ ಕೆಲವು. ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದೆ. ನಿಮ್ಮ ಮನೆಯಲ್ಲಿ, ನಿಮ್ಮ ಬ್ಲಾಕಿನಲ್ಲಿ ಕೊಡುವ ಸಂಬಳ ಈಗಿನ ದರಕ್ಕೆ ಸರಿಯಾಗಿದೆಯೇ ಎಂದು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ, ವಾರಕ್ಕೊಂದು ರಜೆಯನ್ನು ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ನಿಯಮವನ್ನಾಗಿ ಮಾಡಿ. ಮನೆಗೆಲಸದವರು ಆ ಲಿಫ್ಟು ಹತ್ತಬಾರದು ಎಂಬ ಫಲಕ ಇದ್ದರೆ ಅಂದೇ ತೆಗೆಸಿ. ತೋಟದ ಒಡೆಯರು ಲೈನ್ ಮನೆಗಳ ಶೌಚಾಲಯಕ್ಕೆ ಬಾಗಿಲು, ನೀರು ಇದೆಯೇ ಎಂದು ಸ್ವತಃ ಹೋಗಿ ನೋಡಲಿ. ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕೂಲಿಯವರಿಗೆ ಅವರ ಊರಿನ ಕಾರ್ಡಿನ ಮೇಲೆ ಇಲ್ಲಿಯೇ ರೇಷನ್ ಪಡೆಯುವ ವ್ಯವಸ್ಥೆ ಇದೆ ಎಂದು ತಿಳಿಸಿ ಹತ್ತಿರದ ಅಂಗಡಿ ತೋರಿಸಲಿ.

ಮತ್ತೆ, ನಿಮ್ಮಲ್ಲಿ ದುಡಿಯುವ ಯಾರದಾದರೂ ಕಾರ್ಡು ರದ್ದಾಗಿದ್ದರೆ, ಬೆರಳಚ್ಚು ಬೀಳದೆ ಅಕ್ಕಿ ನಿಂತಿದ್ದರೆ, ಅವರಿಗೆ ಸಂಬಳ ಹಿಡಿಯದೆ ಒಂದು ದಿನ ರಜೆ ಕೊಟ್ಟು ನೀವೂ ಜೊತೆಗೆ ತಾಲ್ಲೂಕಿನ ಆಹಾರ ಶಾಖೆಗೆ ಹೋಗಿ. ಆಕೆ ಒಬ್ಬಳೇ ಹೋದರೆ ನಾಳೆ ಬಾ ಎನ್ನುವ ಗುಮಾಸ್ತ, ಪಕ್ಕದಲ್ಲಿ ನೀವು ನಿಂತಿದ್ದರೆ ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡುತ್ತಾನೆ. ಸ್ವೀಕೃತಿಯ ನಂಬರನ್ನು ನಿಮ್ಮ ಫೋನಿನಲ್ಲೂ ಬರೆದಿಟ್ಟುಕೊಳ್ಳಿ, ಹದಿನೈದು ದಿನ ಬಿಟ್ಟು ಮತ್ತೆ ಕೇಳಬೇಕಾಗುತ್ತದೆ.

ಇಂತಿ,
ನಿಮ್ಮದೇ ನಾಡಿನ ಒಬ್ಬ ಓದುಗ